ಹೆಣ್ಣಿನ ಕಡೆಯವರು

ದೊಡ್ಡಬಳ್ಳಾಪುರ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಮೆಹ್ನಾಜ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ತೆಗೆದುಕೊಂಡಿದ್ದೇನೆ. ಬೈದುಕೋ. ಬೈದು ಮುಗಿದ ಮೇಲೆ ಕುಳಿತು ಓದು, ಏಕೆಂದರೆ ತಡವಾದದ್ದಕ್ಕೆ ಅರ್ಧ ಕಾರಣ ನೀನೇ. ದೊಡ್ಡ ವಿಷಯಗಳನ್ನು ಫೋನಿನಲ್ಲಿ ಹೇಳಿ ಹಾಳು ಮಾಡಬಾರದು, ಕಾಗದದಲ್ಲೇ ಬರೆಯಬೇಕು ಎಂದು ಹಾಸ್ಟೆಲಿನಲ್ಲಿ ನಿಯಮ ಮಾಡಿದವಳು ನೀನು. ಈಗ ಅನುಭವಿಸು, ಇದು ಉದ್ದದ ಕಾಗದ.

ಇಲ್ಲಿ ಅವರೆಕಾಯಿಯ ಕಾಲ. ಅಡುಗೆಮನೆಯಲ್ಲಿ ಸುಲಿದು ಗುಡ್ಡೆ ಹಾಕಿದ್ದೇನೆ, ಕೈಯೆಲ್ಲ ಅದರದೇ ಸೊಗಡು, ಈ ಹಾಳೆಗೂ ಹತ್ತಿರಬಹುದು. ನಿನ್ನ ಹೊಟ್ಟೆ ಉರಿಯಲಿ ಎಂದೇ ಬರೆದೆ. ಮೊನ್ನೆ ದೇವನಹಳ್ಳಿಗೆ ಹೋಗಿ ಖದೀಜಾ ಅಮ್ಮನನ್ನು ನೋಡಿಕೊಂಡು ಬಂದೆ. ಆರಾಮಾಗಿದ್ದಾರೆ. ಆ ಚಳಿದೇಶದಲ್ಲಿ ಮಗಳು ಸ್ವೆಟರ್ ಹಾಕಿಕೊಳ್ಳುತ್ತಿಲ್ಲ ಎಂದು ನನ್ನನ್ನು ಗದರಿದರು, ನಾನೇ ಬಿಚ್ಚಿಸಿದ ಹಾಗೆ.

ನಿನ್ನ ಕಾಗದದ ಕೊನೆಯಲ್ಲಿ ಹೊಸಕೋಟೆಯ ವಿಷಯ ಕೇಳಿದ್ದೀಯ. ಅದಕ್ಕೆ ಮಾತ್ರ ಉತ್ತರ ಬರೆಯುವುದಿಲ್ಲ. ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಯಿತು, ಬಿಟ್ಟದ್ದು ಬಿಟ್ಟ ಹಾಗೇ ಇರಲಿ. ಮಿಕ್ಕದ್ದೆಲ್ಲ ಬರೆಯುತ್ತೇನೆ.

ಕಾಲೇಜಿಗೆ ರಜೆ ಹಾಕಿ ಆರು ತಿಂಗಳು ಯುರೋಪಿನ ಪ್ರೊಬೇಷನ್ ಕಚೇರಿಗಳನ್ನು ಸುತ್ತಿ ಬರುತ್ತೇನೆ ಎಂದು ನೀನು ವಿಮಾನ ಹತ್ತಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು ಕಣೇ. ಪ್ರೊಬೇಷನ್ ಅಧಿಕಾರಿ ಎಂದು ಹದಿನಾರು ವರ್ಷದಿಂದ ಕೋರ್ಟು ಕಚೇರಿ ಅಲೆಯುತ್ತಿರುವವಳು ನಾನು, ನೋಡಿ ಬರಲು ಹೋಗುವವಳು ಪಾಠ ಹೇಳುವ ನೀನು! ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೇ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ, ಒಬ್ಬರ ಕಣ್ಣಳತೆಯಲ್ಲಿ ಹೊರಗೇ ಬಿಟ್ಟು ನೋಡುವುದು ಎಂದರೆ, ಹಾಗಾದರೆ ನೀನು ಪೊಲೀಸಾ ಟೀಚರಾ ಎಂದು ನಮ್ಮ ಚಿಕ್ಕಪ್ಪ ಕೇಳುತ್ತಾರೆ.

ಆದರೆ ನಿನ್ನ ಕಾಗದ ಓದಿ ಹೊಟ್ಟೆಕಿಚ್ಚು ಇಳಿಯಿತು. ರೊಮೇನಿಯಾದಲ್ಲಿ ಒಬ್ಬೊಬ್ಬ ಅಧಿಕಾರಿಯ ಮೇಜಿನ ಮೇಲೆ ನೂರಾರು ಕಡತ, ಮುಖ ನೆನಪಿಟ್ಟುಕೊಳ್ಳಲೂ ಪುರಸೊತ್ತಿಲ್ಲ ಎಂದು ಬರೆದಿದ್ದೀಯಲ್ಲ, ನಮ್ಮ ನರಸಿಂಹಯ್ಯನವರಿಗೆ ಓದಿ ಹೇಳಿದೆ. ಬರುವ ಮೇ ತಿಂಗಳಲ್ಲಿ ನಿವೃತ್ತರಾಗುವ ನಮ್ಮ ಕಚೇರಿಯ ಗುಮಾಸ್ತರು ಅವರು. "ನಮ್ಮೋರೇ ಬುಡಿ ಮೇಡಂ" ಎಂದು ಬಹಳ ಸಮಾಧಾನಪಟ್ಟುಕೊಂಡರು. ಪೋಲೆಂಡಿನಲ್ಲಿ ಅಧಿಕಾರಿ ಮನೆಗೇ ಹೋಗಿ, ನೆರೆಹೊರೆಯವರನ್ನೂ ವಿಚಾರಿಸಿ ವರದಿ ಬರೆಯುತ್ತಾರೆ ಎಂದದ್ದು ಅವರಿಗೆ ಇನ್ನೂ ಹಿಡಿಸಿತು. ಸ್ವೀಡನ್ನಿನಲ್ಲಿ ಸರ್ಕಾರಿ ಅಧಿಕಾರಿಯ ಜೊತೆಗೆ ಊರಿನ ಒಬ್ಬ ಸಾಮಾನ್ಯ ಮನುಷ್ಯನನ್ನೂ, ಮೇಷ್ಟ್ರನ್ನೋ ಬಸ್ ಡ್ರೈವರನ್ನೋ, ಅಪರಾಧಿಯ ಮೇಲ್ವಿಚಾರಣೆಗೆ ಹಾಕಬಹುದು, ಅವರು ಆಗಾಗ ಅವನ ಜೊತೆ ಕೂತು ಕಾಫಿ ಕುಡಿಯುತ್ತಾರೆ ಎಂದದ್ದು ಮಾತ್ರ ನರಸಿಂಹಯ್ಯ ನಂಬಲಿಲ್ಲ. ಕಾಫಿಯ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿ ಬರೆ.

ನಾನು ಎರಡೆರಡು ಸಲ ಓದಿದ್ದು ನೆದರ್‌ಲ್ಯಾಂಡಿನ ಭಾಗವನ್ನು. ನೀನು ಕೂತು ನೋಡಿದ ಆ ಕಚೇರಿಯಲ್ಲಿ, ನ್ಯಾಯಾಧೀಶರಿಗೆ ವರದಿ ಕಳಿಸುವ ಮೊದಲು ಅದನ್ನು ಆ ಮನುಷ್ಯನ ಮುಂದೆಯೇ ಓದಿ ಹೇಳಿದರಂತೆ. ನಿನ್ನ ಬಗ್ಗೆ ಇದನ್ನು ಬರೆದಿದ್ದೇನೆ, ಇಂಥವರು ಹೀಗೆ ಹೇಳಿದ್ದಾರೆ, ನಿನಗೇನಾದರೂ ಹೇಳುವುದಿದೆಯೇ ಎಂದು. ಪಕ್ಕದವರನ್ನು ಕೇಳಬೇಕಿದ್ದರೂ ಮೊದಲು ಅವನ ಒಪ್ಪಿಗೆ ಬೇಕಂತೆ. ಆಮೇಲೆ ನೀನೊಂದು ಮಾತು ಸೇರಿಸಿದ್ದೆ. ಒಂದೊಂದು ದೇಶದ ಪದ್ಧತಿ ಒಂದೊಂದು ಥರ, ಆದರೆ ಎಲ್ಲರೂ ಹುಡುಕುತ್ತಿರುವುದು ಒಬ್ಬರನ್ನೇ, ತಪ್ಪು ಮಾಡಿದವನ ಮೇಲೆ ಅಕ್ಕರೆಯೂ ಇರಬೇಕು, ಅವನ ಬಗ್ಗೆ ನಿಜವನ್ನೂ ಹೇಳಬೇಕು, ಅಂಥವರನ್ನು, ಎಂದು. ಓದಿ ನಕ್ಕೆ. ನಮ್ಮ ಕಡೆ ಅಕ್ಕರೆ ಇದ್ದವರು ನಿಜ ಹೇಳುವುದಿಲ್ಲ, ನಿಜ ಹೇಳುವವರಿಗೆ ಅಕ್ಕರೆ ಇರುವುದಿಲ್ಲ.

ನಗಬಾರದಿತ್ತು. ಆ ಕಾಗದ ಬರುವ ನಾಲ್ಕು ದಿನ ಮೊದಲಷ್ಟೇ ನಾನು ರಾಜಘಟ್ಟದ ಆಚೆಯ ಒಂದು ಹಳ್ಳಿಗೆ ಹೋಗಿ ಬಂದಿದ್ದೆ.

ಕೆಂಪರಾಜ್ ಎಂದು ಇಪ್ಪತ್ತಾರರ ಹುಡುಗ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಶಿಫ್ಟ್ ಬದಲಾಯಿಸಿದರು ಎಂದು ಮಾತಿಗೆ ಮಾತು ಬೆಳೆದು, ಲೈನ್ ಸೂಪರ್‌ವೈಸರ್ ಅನಿಲ್‌ಕುಮಾರ್ ಎಂಬುವವರನ್ನು ತಳ್ಳಿ, ಬಿದ್ದವರ ಕೈ ಹಿಡಿದು ತಿರುಚಿದ್ದ. ಮಣಿಕಟ್ಟಿನ ಮೂಳೆ ಮುರಿದಿತ್ತು. ಅನಿಲ್‌ಕುಮಾರ್ ಇವತ್ತಿಗೂ ಆ ಕೈಯಲ್ಲಿ ಬಕೆಟ್ ಎತ್ತಲಾರರು. ಕೋರ್ಟಿನಲ್ಲಿ ತಪ್ಪು ಸಾಬೀತಾಯಿತು. ಜೈಲಿಗೆ ಕಳಿಸುವುದೋ, ಪ್ರೊಬೇಷನ್ನಿನ ಮೇಲೆ ಮನೆಗೆ ಬಿಡುವುದೋ ಎಂಬುದಷ್ಟೇ ಬಾಕಿ. ಅದನ್ನು ನಿರ್ಧರಿಸಲು ಮ್ಯಾಜಿಸ್ಟ್ರೇಟರು ನನ್ನ ವರದಿ ಕೇಳಿದ್ದರು. ಇವನು ಎಂಥವನು, ಹಿಂದೆ ಹೀಗೆ ಮಾಡಿದ್ದನೇ, ಊರಿನಲ್ಲಿ ಏನು ಹೆಸರಿದೆ.

ಅವತ್ತು ಜೀಪು ಗ್ಯಾರೇಜಿನಲ್ಲಿತ್ತು. ವಿಚಾರಣೆ ಮುಗಿಸಿಕೊಂಡು ಹಾಗೇ ಪಕ್ಕದೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗುವುದಿತ್ತು. ಆದ್ದರಿಂದ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ನರಸಿಂಹಯ್ಯ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು, ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಸೇವಂತಿಗೆ ಹೂವು ತುಂಬಿದ ಚೀಲ ಹಿಡಿದಿದ್ದರು. ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು, ಈ ಅವತಾರದಲ್ಲಿ ಹೋಗಿ, ಕೆಂಪರಾಜ್ ಹೇಗೆ, ಕುಡಿಯುತ್ತಾನಾ, ಕೆಲಸಕ್ಕೆ ಸರಿಯಾಗಿ ಹೋಗುತ್ತಾನಾ, ಕೋಪ ಜಾಸ್ತಿನಾ ಎಂದು ಮನೆಮನೆ ವಿಚಾರಿಸಿದರೆ ಊರಿನವರು ಏನೆಂದುಕೊಂಡಾರು, ನೀನೇ ಹೇಳು.

ನನಗೆ ಮೊದಲು ಹೊಳೆಯಲೇ ಇಲ್ಲ. ಅಂಗಡಿಯ ಲಕ್ಷ್ಮಯ್ಯ, "ಚಿನ್ನದಂತ ಹುಡ್ಗ ಬುಡಿ. ಬೀಡಿ ಸೇದಲ್ಲ, ಎಲೆಅಡಿಕೆನೂ ಹಾಕಲ್ಲ" ಎಂದ. ಜಗಲಿಯ ಮೇಲಿದ್ದ ಚಿಕ್ಕಬೀರಪ್ಪ ಎಂಬ ಹಿರಿಯರಂತೂ ಅಂಗಡಿಯವನನ್ನೂ ಮೀರಿಸಿದರು. "ಕೋಪ ಅನ್ನೋದು ಯಾವ ಕಡೆಯಿಂದ ಬತ್ತದೆ ಅಂತ್ಲೇ ಅವ್ನಿಗೆ ಗೊತ್ತಿಲ್ಲ ಕಣಮ್ಮ. ಇರುವೆ ಕಂಡ್ರೆ ಸುತ್ತಾಕ್ಕೊಂಡು ಹೋಯ್ತಾನೆ." ಕೋರ್ಟು ಕೇಸು ಏನಾದರೂ ಇದೆಯಾ ಎಂದು ಕೇಳಿದೆ. "ಕೋರ್ಟಾ? ಆ ಬೀದೀಲಿ ಹೋಗೋವಾಗ ತಲೆ ಬಗ್ಗಿಸ್ಕೊಂಡು ಹೋಗೋ ವಂಶ" ಎಂದರು. ಆಮೇಲೆ ಸೀರೆಯನ್ನೂ ಚೀಲವನ್ನೂ ನೋಡಿ, ದನಿ ತಗ್ಗಿಸಿ ಕೇಳಿದರು. "ಹುಡ್ಗಿ ಏನ್ ಓದವ್ಳೆ?"

ಆಗ ಗೊತ್ತಾಯಿತು, ನಾವು ಹೆಣ್ಣಿನ ಕಡೆಯವರು. ನರಸಿಂಹಯ್ಯ ತಿದ್ದಲು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಬೇಡ ಎಂದೆ. ಯಾಕೆ ಹಾಗೆ ಮಾಡಿದೆನೋ ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಂಬಿದ ಜನ ನಾವು. ಯಾರದೋ ಮನೆಯ ಹುಡುಗನಿಗೆ ಹೆಣ್ಣು ಬಂದಿರುವಾಗ ನಿಜ ಹೇಳಿ ಕಲ್ಲು ಹಾಕುವುದು ಪಾಪ, ಸುಳ್ಳು ಹೇಳುವುದು ನೆರೆಯವರ ಧರ್ಮ. ನಮ್ಮಪ್ಪನೂ ಹೊಸಕೋಟೆಗೆ ಹೀಗೇ ಬಾಳೆಹಣ್ಣು ಹಿಡಿದು ಹೋಗಿ ವಿಚಾರಿಸಿಕೊಂಡು ಬಂದಿದ್ದರಲ್ಲ. ಹೋಗಲಿ, ಅದನ್ನು ಬರೆಯುವುದಿಲ್ಲ ಎಂದೆನಲ್ಲವೇ.

ಹುಡುಗನ ಮನೆಗೆ ನಾವು ಹೋಗುವುದು ಯಾವಾಗಲೂ ಕೊನೆಗೆ. ಸೂರು ಹೇಗಿದೆ, ಸಂಪಾದನೆ ಎಷ್ಟು, ಎರಡು ಮಾತು, ಮುಗಿಯಿತು. ಅಮ್ಮಂದಿರ ಮಾತಿಗೆ ನಮ್ಮ ವರದಿಯಲ್ಲಿ ಬೆಲೆಯಿಲ್ಲ. ಅವರೆಲ್ಲ ಹೇಳುವುದು ಒಂದೇ, ನನ್ನ ಮಗ ಅಂಥವನಲ್ಲ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಅವತ್ತೂ ಹೊರಗಿನಿಂದಲೇ ನೋಡಿಕೊಂಡು ಹೊರಡುವವಳಿದ್ದೆ. ಆದರೆ ಚಿಕ್ಕಬೀರಪ್ಪ ಜಗಲಿಯಿಂದಲೇ, "ಲಕ್ಷ್ಮೀದೇವಮ್ಮಾ, ನೆಂಟ್ರು ಬಂದವ್ರೆ!" ಎಂದು ಕೂಗಿಬಿಟ್ಟರು.

ಲಕ್ಷ್ಮೀದೇವಮ್ಮ ಕೆಂಪರಾಜ್‌ನ ತಾಯಿ. ಗಂಡ ಇಲ್ಲ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ, ಮಗಳನ್ನು ಮದುವೆ ಮಾಡಿ ಕೊಟ್ಟಿದ್ದಾಳೆ. ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಮಗ ಮನೆಯಲ್ಲಿರಲಿಲ್ಲ, ಜಾಮೀನಿನ ಮೇಲೆ ಹೊರಗಿದ್ದವನು ಒಂದು ನರ್ಸರಿಯಲ್ಲಿ ಕೂಲಿಗೆ ಹೋಗಿದ್ದ. ಅವಳು ನರಸಿಂಹಯ್ಯನವರಿಗೆ, "ಅಣ್ಣಾ, ಹಿತ್ಲಲ್ಲಿ ಹಸ ಅವೆ, ನೋಡ್ಕೊಂಡ್ ಬನ್ನಿ" ಎಂದು ಕಳಿಸಿ, ನನ್ನ ಹತ್ತಿರ ಸರಿದು ಕೂತಳು.

"ಹುಡ್ಗಿ ನಿಮ್ ಮಗ್ಳೋ ತಮ್ಮನ್ ಮಗ್ಳೋ ನಂಗೊತ್ತಿಲ್ಲ. ಯಾರ್ದಾದ್ರೂ ಹೆಣ್ ಮಗ ಅಲ್ವಾ. ಊರೋರು ಏನೇನ್ ಹೇಳವ್ರೋ ಅದನ್ನ ಇಲ್ಲೇ ಬಿಟ್ಬುಟ್ಟು ಹೋಗಿ. ನನ್ ಮಗನ ಮ್ಯಾಲೆ ಕೇಸೈತೆ. ಒಬ್ಬರ ಕೈ ಮುರ್ದವ್ನೆ. ಅದು ತೀರೋವರ್ಗೂ ಹೆಣ್ಣು ಕೊಡ್ಬೇಡಿ." ನಾನು ಲೋಟ ಕೆಳಗಿಟ್ಟೆ. ಅವಳು ಇನ್ನೂ ಮುಗಿಸಿರಲಿಲ್ಲ. "ಅದೊಂದೇ ಆಗಿದ್ರೆ ಫ್ಯಾಕ್ಟ್ರಿಯೋರ್ದೇ ತಪ್ಪು ಅಂತಿದ್ದೆ. ಹೋದ್ ಯುಗಾದೀಲಿ ಅಳಿಯನ ಮ್ಯಾಲೂ ಕೈ ಮಾಡ್ದ. ಮನೆ ಮಾನ ಅಂತ ಯಾರ್ಗೂ ಹೇಳಿಲ್ಲ. ಕೋಪ ಬಂದ್ರೆ ಅವ್ನ ಕೈ ಅವ್ನ ಮಾತೇ ಕೇಳಲ್ಲ. ಆಮೇಲೆ ಕೂತ್ಕೊಂಡು ಅಳ್ತಾನೆ. ಅಳೋ ಗಂಡನ್ನ ಸರಿ ಮಾಡ್ಕೋಬೋದು ಅಂತ ಹೆಣ್ಮಕ್ಳು ಅಂದ್ಕೋತವೆ. ನಾನೂ ಅಂದ್ಕೊಂಡಿದ್ದೆ." ಕೊನೆಗೆ, ಬೀಡಿ ದಿನಕ್ಕೊಂದು ಕಟ್ಟು, ಅದೂ ಆ ಲಕ್ಷ್ಮಯ್ಯನ ಅಂಗಡಿಯದೇ ಎಂದಳು.

ನಾನು ಯಾರೆಂದು ಆಗಲೇ ಹೇಳಬೇಕಿತ್ತು ಮೆಹ್ನಾಜ್. ಹೇಳಲಿಲ್ಲ. ಬರುತ್ತೇನಮ್ಮ ಎಂದು ಎದ್ದೆ. ಗಡಿಬಿಡಿಯಲ್ಲಿ ನರಸಿಂಹಯ್ಯ ಚೀಲವನ್ನು ಅಲ್ಲೇ ಬಿಟ್ಟರು, ಗೃಹಪ್ರವೇಶಕ್ಕೆ ಕೈಬೀಸಿಕೊಂಡು ಹೋದೆವು. ಹಣ್ಣು ಹೂವು ಬಿಟ್ಟು ಹೋಗಿದ್ದಾರೆ, ಹುಡುಗ ಒಪ್ಪಿಗೆಯಾದ ಎಂದು ಊರಿನಲ್ಲಿ ಸಂಜೆಯೊಳಗೆ ಸುದ್ದಿಯಂತೆ.

ಈಗ ನನ್ನ ಪಜೀತಿ ನೋಡು. ಯುಗಾದಿಯ ಗಲಾಟೆಗೆ ಕೇಸಿಲ್ಲ, ಸಾಕ್ಷಿಯಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಹುಡುಗ ಮನೆಯಲ್ಲಿ ಉಳಿಯುತ್ತಾನೆ, ಆದರೆ ನನ್ನ ವರದಿಯ ತುಂಬ ನಾನೇ ಸುಳ್ಳೆಂದು ಬಲ್ಲ ಮಾತುಗಳು. ಬರೆದರೆ, ಇವನಿಗೆ ಹೊಡೆಯುವುದು ಅಭ್ಯಾಸ ಎಂದು ಸರ್ಕಾರಿ ವಕೀಲರು ಹಿಡಿದುಕೊಳ್ಳುತ್ತಾರೆ, ಅವನು ಜೈಲಿಗೆ. ಅದೂ ಹೆತ್ತ ತಾಯಿಯ ಬಾಯಿಂದ, ಯಾವುದೋ ಕಾಣದ ಹುಡುಗಿಯ ಮೇಲಿನ ಕರುಣೆಯಿಂದ ಬಂದ ಮಾತಿಗೆ. ವರದಿಯನ್ನು ಮೂರು ಸಲ ಬರೆದು ಮೂರು ಸಲ ಹರಿದೆ. ಆಗ ಬಂತು ನಿನ್ನ ಕಾಗದ, ನೆದರ್‌ಲ್ಯಾಂಡಿನವರು ಅವನ ಮುಂದೆಯೇ ಓದಿ ಹೇಳುತ್ತಾರೆ ಎಂದು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಮಾಡಬಾರದು ಎಂದೇನೂ ಎಲ್ಲೂ ಬರೆದಿಲ್ಲವಲ್ಲ ಎಂದು ಹೊರಟೇಬಿಟ್ಟೆ.

ಈ ಸಲ ಜೀಪಿನಲ್ಲಿ ಹೋದೆ. ಸರ್ಕಾರದ ಬೋರ್ಡು ನೋಡಿದ್ದೇ ಲಕ್ಷ್ಮಯ್ಯ ಅಂಗಡಿಯೊಳಗೆ ಮಾಯವಾದ, ಚಿಕ್ಕಬೀರಪ್ಪ ಟವೆಲು ತಲೆಗೆ ಸುತ್ತಿಕೊಂಡು ಜಗಲಿ ಇಳಿದರು. ಲಕ್ಷ್ಮೀದೇವಮ್ಮ ನಗುತ್ತ ಹೊರಗೆ ಬಂದವಳು ಜೀಪು ನೋಡಿ ನಿಂತಳು. ಮಗ ಕೆಂಪರಾಜ್ ಒಳಗಿದ್ದ. ಚಾಪೆಯ ಮೇಲೆ ಕೂತು, ನಾನು ಯಾರು, ಯಾಕೆ ಬಂದಿದ್ದೆ, ಅವತ್ತು ಯಾಕೆ ಹೇಳಲಿಲ್ಲ ಎಂಬುದೆಲ್ಲವನ್ನೂ ಹೇಳಿದೆ.

ಅವಳ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ನನ್ ಬಾಯಿಂದ್ಲೇ ನನ್ ಮಗನ್ನ ಜೈಲಿಗೆ ಹಾಕ್ಬುಟ್ನಾ?" ಎಂದಳು, ಅಷ್ಟೇ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು, ನೀವು ಹೇಳಿದ್ದು ಹೆಣ್ಣಿನ ಕಡೆಯವರಿಗೆ, ಕೋರ್ಟಿಗಲ್ಲ, ಬೇಡ ಎಂದರೆ ಬರೆಯುವುದಿಲ್ಲ ಎಂದೆ. ಹಾಗೆ ಹೇಳುವ ಅಧಿಕಾರ ನನಗಿತ್ತೋ ಇಲ್ಲವೋ, ನೀನು ಅಲ್ಲಿಯವರನ್ನು ಕೇಳಿ ತಿಳಿಸು.

ಅವಳು ಮಗನ ಕಡೆ ತಿರುಗಿದಳು. ಅವನು ಕಾಲಿನ ಹೆಬ್ಬೆರಳಿನಿಂದ ಸಿಮೆಂಟು ನೆಲ ಕೆರೆಯುತ್ತ ಕೂತಿದ್ದ. ಕೊನೆಗೆ ಅವಳೇ, "ಹೆಣ್ಣಿನ ಕಡೆಯೋರ್ಗೊಂದು, ಕೋರ್ಟಿಗೊಂದು ಹೇಳಕ್ಕೆ ನಂಗ್ ಬರಲ್ಲ. ಬರ್ಕೊಳ್ಳಿ" ಎಂದಳು. ನಾನು ಪೆನ್ನು ತೆಗೆದೆ. ಆಗ ಕೆಂಪರಾಜ್ ತಲೆ ಎತ್ತಿದ. "ಭಾವನ್ ಹಲ್ಲು ಒಂದು ಬಿತ್ತು. ಅಮ್ಮಂಗೆ ಗೊತ್ತಿಲ್ಲ. ಅದನ್ನೂ ಬರ್ಕೊಳಿ ಮೇಡಂ."

ನನ್ನ ಸರ್ವೀಸಿನಲ್ಲಿ ಯಾರೂ, ಯಾರೊಬ್ಬರೂ, ತಮ್ಮ ಮೇಲೆ ಯಾರೂ ಹೊರಿಸದ ತಪ್ಪನ್ನು ಸೇರಿಸಿ ಎಂದು ಕೇಳಿರಲಿಲ್ಲ. ಲಕ್ಷ್ಮೀದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ಅಳು ಬಂತು. ಅಧಿಕಾರಿ ಅಳಬಾರದು ಎಂದು ಪಾಠ ಹೇಳುತ್ತೀಯಲ್ಲ ನೀನು, ಇದನ್ನೂ ಸೇರಿಸಿಕೋ.

ಎಲ್ಲವನ್ನೂ ಬರೆದೆ. ರೇಷ್ಮೆ ಸೀರೆ, ಚೀಲ, ಊರಿನವರ ಸುಳ್ಳು, ನನ್ನ ಮೌನ, ಯುಗಾದಿ, ಹಲ್ಲು. ಕೊನೆಯಲ್ಲಿ, ಈ ಹುಡುಗನಿಗೆ ಕೋಪದ ಕಾಯಿಲೆ ಇದೆ, ಇದು ಮೊದಲ ಸಲವಲ್ಲ, ಆದರೆ ಇವನ ಮನೆಯಲ್ಲಿ ನಿಜ ಹೇಳುವವರಿದ್ದಾರೆ, ಜೈಲಿನಲ್ಲಿ ಅಂಥವರು ಸಿಗುವ ಭರವಸೆ ನನಗಿಲ್ಲ, ಆದ್ದರಿಂದ ಬಿಗಿಯಾದ ಷರತ್ತಿನ ಮೇಲೆ ಬಿಡಬಹುದು ಎಂದು ಶಿಫಾರಸು ಮಾಡಿದೆ.

ಡಿಸೆಂಬರ್ ಕೊನೆಗೆ ಕೋರ್ಟಿನಲ್ಲಿ ಅಂದುಕೊಂಡಂತೆಯೇ ಸರ್ಕಾರಿ ವಕೀಲರು ಎದ್ದು ನಿಂತರು. ಎರಡನೇ ಸಲ ಕೈ ಮಾಡಿದವನು ಮೂರನೇ ಸಲ ಮಾಡುವುದಿಲ್ಲ ಎಂದು ಯಾವ ನಂಬಿಕೆ ಎಂದರು. ತಪ್ಪೇನಲ್ಲ, ಅನಿಲ್‌ಕುಮಾರ್ ಪಟ್ಟಿ ಬಿಚ್ಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದರು. ಮ್ಯಾಜಿಸ್ಟ್ರೇಟರು ಹೆಂಗಸು. ನನ್ನ ವರದಿ ಓದುತ್ತ ಬಾಳೆಹಣ್ಣಿನ ಸಾಲು ಬಂದಾಗ ಅವರ ತುಟಿ ಸ್ವಲ್ಪ ಅಲುಗಿದ್ದನ್ನು ನಾನು ನೋಡಿದೆ. ಕೆಂಪರಾಜ್‌ನನ್ನು ಕರೆದು, ನಿನ್ನ ತಾಯಿ ಹೇಳಿರುವುದು ನಿಜವೇ ಎಂದರು. "ನಿಜ ಮೇಡಂ. ಅಮ್ಮ ನನ್ ವಿಷಯದಲ್ಲಿ ಸುಳ್ಳು ಹೇಳಲ್ಲ" ಎಂದ. ಅವರು ವರದಿಯ ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದಿದರು. ಲಕ್ಷ್ಮೀದೇವಮ್ಮ ಹಿಂದಿನ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು, ನಾನೂ.

ಬಿಟ್ಟರು ಮೆಹ್ನಾಜ್. ಎರಡು ವರ್ಷ ನನ್ನ ಮೇಲ್ವಿಚಾರಣೆ, ತಾಯಿಯ ಮನೆಯಲ್ಲೇ ವಾಸ, ವಾರಕ್ಕೊಮ್ಮೆ ಆಸ್ಪತ್ರೆಯ ಆಪ್ತಸಮಾಲೋಚಕರ ಬಳಿ ಹೋಗಬೇಕು, ಅನಿಲ್‌ಕುಮಾರ್‌ಗೆ ಪರಿಹಾರ ಕೊಡಬೇಕು. ಒಂದು ಸಲ ತಪ್ಪಿದರೂ ವಾಪಸ್ ಕರೆದು ಜೈಲು. ಅನಿಲ್‌ಕುಮಾರ್ ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅವರ ಮನೆಗೂ ಒಮ್ಮೆ ಹೋಗಬೇಕೆಂದಿದ್ದೇನೆ, ಕಾಲು ಬರುತ್ತಿಲ್ಲ.

ಹೊರಗೆ ಚಿಕ್ಕಬೀರಪ್ಪ ಸಿಕ್ಕಿದರು, ಹುಡುಗನ ಒಳ್ಳೆಯ ನಡತೆಗೆ ಸಾಕ್ಷಿ ಹೇಳಲೆಂದು ಬಂದಿದ್ದರಂತೆ. ಅಷ್ಟೆಲ್ಲ ಸುಳ್ಳು ಹೇಳಿದಿರಲ್ಲ ಯಜಮಾನರೇ ಎಂದೆ. "ಮದ್ವೆ ಅಂದ್ಕೊಂಡು ಅಷ್ಟ್ ಹೇಳ್ದೋ ತಾಯಿ. ಜೈಲಿಂದು ಅಂತ ಮೊದ್ಲೇ ಹೇಳಿದ್ರೆ ಇನ್ನೂ ಚೆನ್ನಾಗ್ ಹೇಳ್ತಿದ್ವಿ" ಎಂದರು. ಇವರನ್ನು ಪೋಲೆಂಡಿಗೆ ಕಳಿಸೋಣವೇ?

ಈಗ ಲಕ್ಷ್ಮೀದೇವಮ್ಮ ಪ್ರತಿ ಸೋಮವಾರ ಡೇರಿಗೆ ಹಾಲು ಹಾಕಿ ನನಗೆ ಫೋನು ಮಾಡುತ್ತಾಳೆ. ಯಾರೂ ಮಾಡೆಂದು ಹೇಳಿಲ್ಲ. "ಈ ವಾರ ಬಾಯಿ ಮಾಡ್ದ, ಕೈ ಮಾಡ್ಲಿಲ್ಲ" ಎಂದು ವರದಿ ಒಪ್ಪಿಸುತ್ತಾಳೆ. ಹಿಂದಿನಿಂದ ಮಗ, "ಬಾಯೂ ಜಾಸ್ತಿ ಮಾಡ್ಲಿಲ್ಲ ಮೇಡಂ" ಎಂದು ಕೂಗುತ್ತಾನೆ. ಸ್ವೀಡನ್ನಿನವರಿಗೆ ಹೇಳು, ನಮಗೂ ಒಬ್ಬಳು ಸಿಕ್ಕಿದ್ದಾಳೆ, ಕಾಫಿ ಅವಳೇ ಕೊಡುತ್ತಾಳೆ ಎಂದು. ಮುಂದಿನ ವಾರ ಏನಾಗುತ್ತದೋ ಗೊತ್ತಿಲ್ಲ. ಸೋಮವಾರ ಫೋನು ಬಡಿದುಕೊಂಡಾಗಲೆಲ್ಲ ನನ್ನ ಎದೆಯೂ ಬಡಿದುಕೊಳ್ಳುತ್ತದೆ.

ಮಾರ್ಚಿನಲ್ಲಿ ಬರುವಾಗ ನರಸಿಂಹಯ್ಯನವರಿಗೆ ಒಂದು ಮಫ್ಲರ್ ತಾ. ನೀನು ಮೊದಲು ಸ್ವೆಟರ್ ಹಾಕಿಕೋ.

ನಿನ್ನ,
ಚೈತ್ರ

ಮರೆತದ್ದು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತೆಗೆದುಕೊಂಡು ಹೊಸಕೋಟೆಗೆ ಹೋಗಿದ್ದೆ. ಗಂಡನಿಗಾಗಿ ಅಲ್ಲ, ಅವನು ಊರಲ್ಲೂ ಇರಲಿಲ್ಲ. ಅತ್ತೆಯನ್ನು ನೋಡಲು. ನನ್ನ ಗಂಡ ಕುಡಿಯುತ್ತಾನೆ, ಕುಡಿದರೆ ಹೊಡೆಯುತ್ತಾನೆ ಎಂದು ಅವರಿಗೆ ಮದುವೆಗೆ ಮೊದಲೇ ಗೊತ್ತಿತ್ತು, ಅದು ನನಗೆ ಗೊತ್ತು. ಆರು ವರ್ಷದಿಂದ ಅವರ ಮೇಲಿದ್ದ ಸಿಟ್ಟು ಅವರ ಮಗನ ಮೇಲೂ ಇರಲಿ‌ಲ್ಲ. ಜೊತೆಗೆ ಕೂತು ಅವರೆಕಾಯಿ ಸುಲಿಯುತ್ತ, ಅವತ್ತು ನಮ್ಮಪ್ಪ ಬಂದಾಗ ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. "ನಿಮ್ಮಪ್ಪ ಅಂಗಡಿಯೋನ್ನ ಕೇಳಿದ್ರು, ಮೇಷ್ಟ್ರನ್ನ ಕೇಳಿದ್ರು, ಎದುರುಮನೆಯೋರ್ನ ಕೇಳಿದ್ರು. ನಾನು ಕಾಫಿ ತಟ್ಟೆ ಹಿಡ್ಕೊಂಡು ಬಾಗ್ಲಲ್ಲೇ ನಿಂತಿದ್ದೆ. ನನ್ನ ಯಾರೂ ಕೇಳ್ಲಿಲ್ಲ ಕಣಮ್ಮ" ಎಂದರು. ಕೇಳಿದ್ದರೆ ಹೇಳುತ್ತಿದ್ದಿರಾ ಎಂದೆ. ಕೈಯಲ್ಲಿದ್ದ ಕಾಯಿ ಬಿಡಿಸಿ, ಕಾಳು ಹಾಕಿ, ಸಿಪ್ಪೆ ಪಕ್ಕಕ್ಕಿಟ್ಟು ಹೇಳಿದರು. "ಗೊತ್ತಿಲ್ಲ. ಕೇಳಿದ್ದಿದ್ರೆ ನಂಗೂ ಗೊತ್ತಾಗ್ತಿತ್ತು."